ಅಣ್ಣನ ಹೂಂ

ಇವತ್ತು ಮಧ್ಯಾಹ್ನ ಬೈಲಹೊಂಗಲದ ಬಸ್ಸಿನಲ್ಲಿ ನನಗೊಂದು ಸ್ಟೀಲಿನ ಡಬ್ಬಿ ಬಂತು. ಸವದತ್ತಿಯ ಬಸ್ ಸ್ಟ್ಯಾಂಡಿಗೆ ಹೋಗಿ, ಪರಿಚಯದ ಕಂಡಕ್ಟರನ ಕೈಯಿಂದ ಅದನ್ನು ಇಸಿದುಕೊಂಡು ಬಂದು, ನನ್ನ ಬಾಡಿಗೆ ಕೋಣೆಯ ಬಾಗಿಲು ಹಾಕಿ ಮುಚ್ಚಳ ತೆಗೆದೆ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಸುಂಠಿ, ಗಸಗಸೆ. ಬಾಣಂತಿಗೆಂದು ಅವ್ವ ಕಟ್ಟಿದ ಅಂಟಿನುಂಡಿ. ಅದರಲ್ಲಿ ನನ್ನದೂ ಒಂದು ಪಾಲು. ಈ ವಾಸನೆಗೆ ಬೇರೆಯವರಿಗೆ ತೊಟ್ಟಿಲು, ಕೂಸು, ತವರು ನೆನಪಾಗುತ್ತವೇನೋ. ನನಗೆ ಬೆನ್ನು ನೋಯತೊಡಗುತ್ತದೆ. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕು. ಇದು ನನ್ನ ಅಣ್ಣನ ವಿಷಯ. ಅಣ್ಣನ ಯಾವ ವಿಷಯವೂ ನೆಟ್ಟಗೆ ಹೋಗುವಂಥದ್ದಲ್ಲ.

ಬೈಲಹೊಂಗಲದ ಪೇಟೆಯಲ್ಲಿ ಅವನದು ಪಂಪಿನ ಮೋಟಾರು ರಿಪೇರಿಯ ಅಂಗಡಿ. ಸುಟ್ಟುಹೋದ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಕೈ ಒಳ್ಳೆಯದು, ಬಾಯಿಯದೇ ತೊಂದರೆ. 'ಇವತ್ತ ಸಂಜಿಗೆ ಸಿಗತದೇನು?' ಎಂದು ಯಾರು ಕೇಳಿದರೂ, 'ಹೂಂ, ಸಿಗತದ್ರಿ, ಕುಂದರ್ರಿ, ಚಾ ಕುಡೀರಿ' ಅನ್ನುತ್ತಾನೆ. ಸಂಜೆಗೆ ಮೋಟಾರು ಸಿಗುವುದಿಲ್ಲ. ಮರುದಿನ ಆ ಮನುಷ್ಯ ಹೊಲ ಒಣಗುತ್ತಿದೆ ಎಂದು ಸಿಟ್ಟಿನಿಂದಲೇ ಬರುತ್ತಾನೆ. ಅವನನ್ನು ಕಂಡು ಅಣ್ಣನ ಮುಖ ಎಷ್ಟು ಅರಳುತ್ತದೆಂದರೆ, ಬೈಯಲು ಬಂದವನು ಎರಡನೆಯ ಸಲ ಚಹಾ ಕುಡಿಯುತ್ತಾನೆ. ಒಮ್ಮೆ ಯರಗಟ್ಟಿಯಿಂದ ಜಗಳಕ್ಕೆಂದೇ ಬಂದವರೊಬ್ಬರು, ಹೋಗುವಾಗ ತಮ್ಮ ಮಗಳ ಮದುವೆಗೆ ಕರೆದು ಹೋದರು. ಅಣ್ಣ ಆ ಮದುವೆಗೂ ಹೂಂ ಅಂದ. ಹೋದ ಕೂಡ.

ನಾನು ರಸಾಯನಶಾಸ್ತ್ರ ಓದಿದವಳು, ಈಗ ಅದನ್ನೇ ಕಲಿಸುತ್ತೇನೆ. ಬಾಟಲಿಯ ಮೇಲೆ ಏನು ಬರೆದಿದೆಯೋ ಒಳಗೂ ಅದೇ ಇರಬೇಕು, ಇಲ್ಲದಿದ್ದರೆ ಯಾರದಾದರೂ ಕೈ ಸುಡುತ್ತದೆ. ಹೂಂ ಎಂಬ ಶಬ್ದಕ್ಕೂ ಇದೇ ನಿಯಮ ಎಂದು ನಾನು ನಂಬಿದ್ದೆ. ಒಂದೇ ಮನೆಯಲ್ಲಿ, ಒಂದೇ ಅವ್ವನ ಕೈ ರೊಟ್ಟಿ ತಿಂದು ನಾವಿಬ್ಬರು ಬೆಳೆದದ್ದು ಹೇಗೆಂದು ನೀವು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ.

ಅಣ್ಣನಿಗೆ ಮೊದಲ ಕೂಸು ಹೆಣ್ಣಾಯಿತು. ಅವನ ಹೆಂಡತಿ, ನನ್ನ ವೈನಿಯ ತವರು ಮುನವಳ್ಳಿ; ಹೆಸರಿಡುವುದೂ ಅಲ್ಲೇ ಎಂದು ನಿಶ್ಚಯವಾಯಿತು. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ತಂಗಿ. ತೊಟ್ಟಿಲಲ್ಲಿ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹೇಳುವಾಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಅವ್ವನನ್ನು ಕೇಳಿದೆ. 'ಗುದ್ದಬೇಕು ಅಂದ್ರ ಗುದ್ದಬೇಕು' ಅಂದಳು. ನಾಲ್ಕು ಮಂದಿಯ ನಡುವೆ ನಿಂತು ಮಾತಾಡುವುದೆಂದರೆ ಬೆವರುವ ನನಗೆ, ಪಿಸುಮಾತಿನಲ್ಲಿ ಮುಗಿಯುವ ಈ ಕೆಲಸ ಒಂದು ರೀತಿಯಲ್ಲಿ ಹಿಡಿಸಿತ್ತು.

ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿದೆವು. ಕಿತ್ತೂರಿನ ಕಾಕಿ, ನಮ್ಮ ಚಿಕ್ಕಪ್ಪನ ಹೆಂಡತಿ, ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದವಳು ಗಾಡಿಯ ಹಿಂದಿನ ಸೀಟು ಹಿಡಿದಳು. ಮುರಗೋಡದಲ್ಲಿ ಗಾಡಿ ನಿಂತಿತು. ನೋಡಿದರೆ ದೊಡ್ಡವ್ವ ಹೊಸ ಸೀರೆ ಉಟ್ಟು ರಸ್ತೆಗೇ ಬಂದು ನಿಂತಿದ್ದಾಳೆ. ನಾನು ಹಿಂದೆ ತಿರುಗಿ ಕಾಕಿಯ ಮುಖ ನೋಡಿದೆ. ಕಾಕಿಯ ಮಗನ ಮದುವೆಯಲ್ಲಿ ಊಟಕ್ಕೆ ಏಳಿರೆಂದು ದೊಡ್ಡವ್ವನನ್ನು ಯಾರೂ ಬಂದು ಕರೆದಿರಲಿಲ್ಲ. ಕರೆಯಲು ಹುಡುಗಿಯನ್ನು ಕಳಿಸಿದ್ದೆ ಎಂದು ಕಾಕಿ, ಯಾವ ಹುಡುಗಿಯೂ ಬರಲಿಲ್ಲ ಎಂದು ದೊಡ್ಡವ್ವ. ಅವತ್ತು ಉಪವಾಸವೇ ಎದ್ದು ಹೋದ ದೊಡ್ಡವ್ವ ಕಾಕಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಒಬ್ಬಳು ಬರುತ್ತಾಳೆಂದರೆ ಇನ್ನೊಬ್ಬಳು ಯಾವ ಕಾರ್ಯಕ್ಕೂ ಬರುತ್ತಿರಲಿಲ್ಲ. ಈಗ ದೊಡ್ಡವ್ವ ಒಳಗೆ ಇಣುಕಿ ಕಾಕಿಯನ್ನು ಕಂಡಳು, ಆದರೂ ತಿರುಗಿ ಹೋಗಲಿಲ್ಲ, ಮುಂದಿನ ಸೀಟಿನಲ್ಲಿ ಕೂತು ಕನ್ನಡಿಯನ್ನು ಬೇರೆ ಕಡೆ ತಿರುಗಿಸುವಂತೆ ಡ್ರೈವರನಿಗೆ ಹೇಳಿದಳು. ನಡುವಿನ ಸೀಟಿನಲ್ಲಿ ಅವ್ವ ಮತ್ತು ನಾನು.

ಯರಗಟ್ಟಿಯಲ್ಲಿ ಚಹಾಕ್ಕೆ ಇಳಿದಾಗ ದೊಡ್ಡವ್ವ ನನ್ನನ್ನು ಬಾಳೆಹಣ್ಣಿನ ಗಾಡಿಯ ಮರೆಗೆ ಎಳೆದಳು.

'ಕೂಸಿನ ಕಿವ್ಯಾಗ ಗಂಗವ್ವ ಅಂತ ಹೇಳು. ನಮ್ಮತ್ತಿ ಹೆಸರು. ನಿಮ್ಮಣ್ಣ ಹೂಂ ಅಂದಾನ. ಅದಕ್ಕ ಬಂದೇನಿ, ಇಲ್ಲಂದ್ರ ಆ ಮಾರಿ ನೋಡಾಕ ಯಾರ ಬರತಿದ್ರು?'

ಆಕೆ ಅತ್ತ ಹೋಗುವುದೇ ತಡ, ಕಾಕಿ. 'ಶ್ರೀನಿಧಿ. ನೆಪ್ಪಿರಲಿ. ನಿಮ್ಮಣ್ಣನ ಜೋಡಿ ಎಲ್ಲಾ ಮಾತಾಗೇತಿ. ಅಕಿ ಏನರೆ ಗಂಗವ್ವ ಸಿಂಗವ್ವ ಅಂದ್ರ ತಲಿಗೆ ಹಚ್ಕೋಬ್ಯಾಡ.'

ಗಾಡಿ ಹೊರಟ ಮೇಲೆ ಅವ್ವ ನನ್ನ ಮೊಣಕೈ ಚಿವುಟಿದಳು. 'ಕೂಸಿಗೆ ರೇಣುಕಾ ಅನ್ನು. ನಾ ಹರಕಿ ಹೊತ್ತೇನಿ. ಅಂವಂಗ ಗೊತ್ತೈತಿ.'

ಮುನವಳ್ಳಿ ತಲುಪುವ ಹೊತ್ತಿಗೆ ನನಗೆ ತಲೆ ಸಿಡಿಯುತ್ತಿತ್ತು. ಮೊದಲೇ ಹೋಗಿದ್ದ ಅಣ್ಣ ಅಲ್ಲಿ ಸ್ಟೂಲಿನ ಮೇಲೆ ನಿಂತು, ತೊಲೆಗೆ ತೊಟ್ಟಿಲಿನ ಸರಪಳಿ ಕಟ್ಟುತ್ತ, ಕೆಳಗೆ ಹೋಗುವವರಿಗೆಲ್ಲ ಬರ್ರಿ ಬರ್ರಿ ಅನ್ನುತ್ತಿದ್ದ.

'ಎಷ್ಟ ಮಂದಿಗೆ ಹೂಂ ಅಂದಿ?' ಕೇಳಿದೆ.

'ಯಾರ್ಯಾರು ಕೇಳಿದ್ರೋ ಅವರಿಗೆ.'

'ಅಣ್ಣಾ, ಕೂಸು ಒಂದ ಐತಿ.'

'ಸದ್ಯಕ್ಕ' ಅಂದ.

'ನಗಬ್ಯಾಡ. ನಾ ಏನ್ ಹೇಳ್ಲಿ ಅದರ ಕಿವ್ಯಾಗ?'

'ಅದು ನಿನ್ನ ಕೆಲಸ, ತಂಗೆವ್ವಾ. ಹೆಸರಿಡಾಕಿ ನೀ. ನಡುವ ನಾ ಯಾರು?'

ಸ್ಟೂಲನ್ನು ಒದೆಯುವ ಆಸೆಯಾಯಿತು. ಒದೆಯಲಿಲ್ಲ, ನಾನು ಅಂಥವಳಲ್ಲ. ಬದಲಿಗೆ, 'ವೈನಿ ಏನಂತಾರ?' ಎಂದೆ. ಅವನ ಕೈ ಸರಪಳಿಯ ಮೇಲೆ ನಿಂತಿತು. 'ಅಕಿ ಏನೂ ಕೇಳಿಲ್ಲ ನನಗ' ಅಂದ. ಸರಪಳಿಯ ಕೊಂಡಿ ಬಿಗಿಯುತ್ತ, 'ಕೇಳಿದ್ರ ಹೂಂ ಅಂತಿದ್ದೆ' ಅಂದ.

ಬಾಣಂತಿ ಕೋಣೆಯಲ್ಲಿ ಅಜವಾನದ ಹೊಗೆ, ಅಂಟಿನುಂಡಿಯ ವಾಸನೆ. ವೈನಿ ಕಿವಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನಾವಿಬ್ಬರೂ ಅದುವರೆಗೆ ಹೆಚ್ಚು ಮಾತಾಡಿದವರಲ್ಲ. ಅವರದೂ ಸಂಕೋಚದ ಸ್ವಭಾವ, ನನ್ನದೂ ಅದೇ. ಒಬ್ಬರನ್ನೊಬ್ಬರು ಗೌರವದಿಂದ ದೂರವಿಟ್ಟಿದ್ದೆವು. ಬಾಗಿಲು ಮುಂದೆ ಮಾಡಿ, ಕೂಸಿಗೆ ಯಾವ ಹೆಸರು ಬೇಕೆಂದು ಕೇಳಿದೆ.

'ನನ್ನ ಯಾಕ ಕೇಳ್ತೀರಿ? ಹಿರ್ಯಾರು ನಿಶ್ಚಯ ಮಾಡ್ಯಾರಲ್ಲ.'

'ಹೇಳಾಕಿ ನಾ. ನನಗ ಗೊತ್ತಾಗಬೇಕು.'

ಅವರು ಕೂಸಿನ ತಲೆಯ ಕುಂಚಿಗೆಯನ್ನು ಸರಿಮಾಡಿದರು, ಸರಿಯಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದರು. 'ನೀಲಾ' ಅಂದರು. 'ಹೊಟ್ಟ್ಯಾಗ ಇದ್ದಾಗಿಂದ ಹಂಗ ಕರೀತೇನಿ. ಕರದ್ರ ಒಳಗ ಮಗ್ಗಲಾ ಹೊಳ್ಳತಿತ್ತು. ಯಾರ ಮುಂದೂ ಹೇಳಿಲ್ಲ. ನೀವು ಮನಸಿಗೆ ಹಚ್ಕೋಬ್ಯಾಡ್ರಿ, ಯಾವ ಹೆಸರು ಇಟ್ರೂ ನಡೀತೈತಿ.'

ಆ 'ನಡೀತೈತಿ'ಯೇ ನನ್ನನ್ನು ಕೆಡಿಸಿದ್ದು. ಹಟ ಹಿಡಿದಿದ್ದರೆ ನಾನು ವಾದಿಸಬಹುದಿತ್ತು, ಹಿರಿಯರ ಮಾತು ಎಂದು ಜಾರಿಕೊಳ್ಳಬಹುದಿತ್ತು. ಒಂಬತ್ತು ತಿಂಗಳು ಒಂದು ಹೆಸರನ್ನು ಒಳಗೇ ಇಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಯಾವುದಾದರೂ ನಡೆಯುತ್ತದೆ ಎನ್ನುವವರ ಮುಂದೆ ಏನು ಮಾಡುವುದು? ಹೊರಗೆ ನನ್ನನ್ನು ಕೂಗುತ್ತಿದ್ದರು.

ತೊಟ್ಟಿಲಿನ ಕೆಳಗಿನಿಂದ ಒಬ್ಬರು ಕೂಸನ್ನು ದಾಟಿಸಿದರು, ಮೇಲಿನಿಂದ ಇನ್ನೊಬ್ಬರು ಹಿಡಿದರು, ಹಾಡಾಯಿತು. ನಾನು ಬಗ್ಗಿದೆ. ಗುದ್ದುವವರಿಗೆ ನನ್ನ ಹಿಂದೆಯೇ ಜಾಗವಾದ್ದರಿಂದ, ಮತ್ತು ತಮ್ಮ ಹೆಸರು ಸರಿಯಾಗಿ ಬಿದ್ದಿತೋ ಇಲ್ಲವೋ ಕೇಳಬೇಕಾಗಿದ್ದರಿಂದ, ದೊಡ್ಡವ್ವ ಮತ್ತು ಕಾಕಿ ಇಬ್ಬರೂ ನನ್ನ ಬೆನ್ನಿಗೇ ಅಂಟಿ ನಿಂತಿದ್ದರು. ಕೂಸಿನ ಕಿವಿಗೆ ಇನ್ನೂ ಹಾಲಿನ ವಾಸನೆಯಿತ್ತು. ಕುರ್ರ್, ನೀಲಾ, ಎಂದೆ. ಅದು ಕಣ್ಣು ಬಿಟ್ಟಿತು.

'ಏನಂದಿ? ಜೋರಾಗಿ ಹೇಳು' ಎಂದರು ಹೆಂಗಸರು.

'ನೀಲಾ.' ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬಂತು.

ಆಮೇಲೆ ಬಿದ್ದ ಗುದ್ದುಗಳಲ್ಲಿ ಶಾಸ್ತ್ರದ್ದು ಕಡಿಮೆ, ಸಿಟ್ಟಿನದೇ ಹೆಚ್ಚು. ಬಲಗಡೆ ದೊಡ್ಡವ್ವ, ಎಡಗಡೆ ಕಾಕಿ. ಅವ್ವನೂ ಒಂದು ಕೊಟ್ಟಳು. ನಾನು ಸೊಂಟ ಹಿಡಿದು ಏಳುವಷ್ಟರಲ್ಲಿ ಹಿಂದಿನಿಂದ ಒಂದು ಮಾತು ಕೇಳಿತು.

'ಕೇಳಿದೇನವಾ, ಈಕಿ ಏನಂದ್ಲು?' ದೊಡ್ಡವ್ವ ಕೇಳಿದ್ದು ಕಾಕಿಯನ್ನು.

ಕಾಕಿ ಗುದ್ದಲು ಎತ್ತಿದ್ದ ಕೈ ಇಳಿಸಿದಳು. 'ಕೇಳಿದೆ ಅಕ್ಕಾ' ಅಂದಳು ಆಮೇಲೆ. 'ಭಾಳ ಸಾಲಿ ಕಲತ್ರ ಹಿಂಗ ಆಗೂದು.'

'ನೀಲಾ ಅಂತ, ನೀಲಾ! ನಮ್ಮ ಮನ್ಯಾಗ ಯಾರದೈತಿ ಆ ಹೆಸರು?'

'ಯಾರದೂ ಇಲ್ಲ ಬಿಡು. ನೀ ಕುಂದರ ಬಾ ಅಕ್ಕಾ, ಗುಗ್ಗರಿ ತಿನ್ನು. ಏಳು, ಊಟಕ್ಕ ಏಳು.'

ಇಬ್ಬರೂ ಒಂದೇ ತಾಟಿನಿಂದ ಗುಗ್ಗರಿ ತಿನ್ನುತ್ತ ನನ್ನನ್ನು ಬೈದರು. ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಬೈದರು. ಮರಳುವಾಗ ಗಾಡಿಯ ನಡುವಿನ ಸೀಟಿನಲ್ಲಿ ಇಬ್ಬರೂ ಕೂತರು. ನನ್ನನ್ನು ಹಿಂದೆ ಖಾಲಿ ಪಾತ್ರೆಗಳ ಜೊತೆ ಹಾಕಿದರು. ಅಣ್ಣ ಗಾಡಿಯ ಕಿಟಕಿಗೆ ಬಂದು, 'ನಾ ಏನ್ ಮಾಡ್ಲಿ ದೊಡ್ಡವ್ವಾ, ಹೆಸರಿಡಾಕಿ ಅಕಿ. ನಾ ನಿಮಗ ಹೂಂ ಅಂದಿದ್ನಿಲ್ಲೋ?' ಎಂದ. 'ಪಾಪ, ನಿಂದೇನ್ ತಪ್ಪೈತಿ' ಎಂದು ಇಬ್ಬರೂ ಅವನ ಗಲ್ಲ ಸವರಿದರು. ನನ್ನ ಸಿಟ್ಟನ್ನು ನೀವು ಊಹಿಸಿಕೊಳ್ಳಿ.

ಕೆಲ ದಿನಗಳ ನಂತರ ಅಂಗಡಿಯಲ್ಲಿ ಅವನನ್ನು ಕೇಳಿಯೇ ಬಿಟ್ಟೆ: ಇಬ್ಬರನ್ನೂ ಒಂದೇ ಗಾಡಿಗೆ ಹತ್ತಿಸಬೇಕೆಂದು ಬೇಕಂತಲೇ ಮಾಡಿದೆಯಾ? ಅವನು ತಂತಿ ಸುತ್ತುವುದನ್ನು ಬಿಟ್ಟು ನನ್ನನ್ನು ಪಿಳಿಪಿಳಿ ನೋಡಿದ. 'ಬೇಕಂತ ಎಲ್ಲಿ ಮಾಡ್ಲಿ? ಇಲ್ಲ ಅಂದ್ರ ಅವರು ಬರತಿದ್ದಿಲ್ಲವಾ. ಎಲ್ಲಾರೂ ಬರ್ಲಿ ಅನಿಸ್ತು.' ಇಷ್ಟೇ. ಇದರಲ್ಲಿ ಉಪಾಯವಿದ್ದರೆ ನಾನು ಅವನನ್ನು ಮೆಚ್ಚಿ ಸುಮ್ಮನಾಗುತ್ತಿದ್ದೆ. ಉಪಾಯವೇ ಇರಲಿಲ್ಲ. ತನ್ನ ಮಗಳ ತೊಟ್ಟಿಲಿನ ಸುತ್ತ ತನ್ನವರೆಲ್ಲ ಇರಲಿ ಎಂಬ ಆಸೆಯೊಂದೇ. ಮುಂದಿನದನ್ನು ತಂಗಿ ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆ ಬೇರೆ. ಇಂಥವನ ಮೇಲೆ ಎಷ್ಟು ದಿನ ಸಿಟ್ಟು ಹಿಡಿಯುವುದು? ನಾನು ಸಾಕಷ್ಟು ದಿನ ಹಿಡಿದೆ.

ಹೆಸರಿಟ್ಟ ದಿನವೇ ಅವನು, 'ನನ್ನ ಮುಂದ ಯಾಕ ಹೇಳಲಿಲ್ಲ ನೀ?' ಎಂದು ವೈನಿಯನ್ನು ಕೇಳಿದನಂತೆ. 'ನೀವ್ಯಾಕ ಕೇಳಲಿಲ್ಲ?' ಎಂದರಂತೆ ವೈನಿ. ಅಣ್ಣನಿಗೆ ಹೂಂ ಅಂದು ಪಾರಾಗಲು ಬಾರದ ಪ್ರಶ್ನೆ ಬಹುಶಃ ಅದೊಂದೇ. ವೈನಿಯೇ ಇದನ್ನು ನನಗೆ ಹೇಳಿದ್ದು, ನಗುತ್ತ. ನಾವಿಬ್ಬರೂ ಈಗ ಮಾತಾಡುತ್ತೇವೆ.

ನೀಲಾ ಅಂಗನವಾಡಿಗೆ ಹೋಗುತ್ತಿದ್ದಾಳೆ. ಮೊನ್ನೆ ಅವಳಿಗೊಬ್ಬ ತಮ್ಮ ಹುಟ್ಟಿದ. ಈ ಸಲದ ಬಾಣಂತನ, ತೊಟ್ಟಿಲು ಎಲ್ಲ ಬೈಲಹೊಂಗಲದಲ್ಲೇ. ಡಬ್ಬಿ ಮುಟ್ಟಿತೆಂದು ತಿಳಿಸಲು ಅಣ್ಣನಿಗೆ ಫೋನ್ ಮಾಡಿ, ಈ ಸಲ ಎಷ್ಟು ಮಂದಿಗೆ ಹೂಂ ಅಂದಿ ಎಂದು ಕೇಳಿದೆ. 'ಯಾರಿಗೂ ಅಂದಿಲ್ಲ. ಮೊದಲ ಅಕೀನ್ನ ಕೇಳೇನಿ' ಎಂದ, ಬಹುಮಾನ ಗೆದ್ದವನ ದನಿಯಲ್ಲಿ. ಫೋನನ್ನು ವೈನಿಗೆ ಕೊಟ್ಟ. ವೈನಿ ಹೆಸರು ಹೇಳಿದರು. ಚೆನ್ನಾಗಿದೆ. ಇಲ್ಲಿ ಬರೆಯುವುದಿಲ್ಲ, ಕೂಸಿಗಿಂತ ಮೊದಲು ನಿಮಗೆ ಹೇಳುವುದು ಸರಿಯಲ್ಲ.

ಆ ಫೋನು ಇಟ್ಟೆನೋ ಇಲ್ಲವೋ, ಮುರಗೋಡದಿಂದ ದೊಡ್ಡವ್ವನ ಫೋನು.

'ನಿಮ್ಮಣ್ಣಗ ಏನಾಗೇತಿ? ಹೂಂ ಅನ್ನವೊಲ್ಲ, ಉಂಹೂಂ ಅನ್ನವೊಲ್ಲ. ನನಗ ಬರೂದ ಬ್ಯಾಡ ಅನಿಸಾಕತ್ತೈತಿ. ನೀನರೆ ಹೇಳು, ಈ ಸಲ ನಾ ಹೇಳಿದ ಹೆಸರು ಇಡ್ತಿಯಿಲ್ಲೋ?'

ಕಿಟಕಿಯ ಹೊರಗೆ ಮುನವಳ್ಳಿಯ ಬಸ್ಸೊಂದು ಹೋಯಿತು. ಅದರ ಸದ್ದು ಮುಗಿಯುವವರೆಗೆ ನನಗೆ ಸಮಯವಿತ್ತು.

'ಹೂಂ, ದೊಡ್ಡವ್ವಾ' ಅಂದೆ. 'ನೀ ಬಾ ಮೊದಲು.'

ಆಕೆ ಫೋನಿಟ್ಟ ಕೂಡಲೇ ಕಿತ್ತೂರಿಗೆ ನಾನೇ ಫೋನ್ ಹಚ್ಚಿದೆ. ಕಾಕಿ ಇನ್ನೂ ಏನೂ ಕೇಳಿರಲಿಲ್ಲ, ಹೂಂ ಅಂದೆ.