ಅಮ್ಮನ ಸೀರೆಯ ಮೇಲೆ ಹೊಗೆಸೊಪ್ಪಿನ ಹೂವು

ನಾನು ಹಾಸನದಲ್ಲಿ ಏನು ಓದುತ್ತಿದ್ದೆ ಎಂಬುದು ನಮ್ಮೂರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಜವಳಿ ವಿನ್ಯಾಸ ಎಂದರೆ ಬಟ್ಟೆಯ ಮೇಲಿನ ಹೂವು ಬಳ್ಳಿ ಬರೆದು, ಅಚ್ಚು ಕೆತ್ತಿ, ಬಣ್ಣದಲ್ಲಿ ಒತ್ತುವ ವಿದ್ಯೆ ಎಂದು ಬಿಡಿಸಿ ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸಿ ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಪ್ಯಾಂಟು ತಂದು ಕೈಗೆ ಕೊಡುತ್ತಿದ್ದರು. "ಒಸಿ ಕೆಳಗಡೆ ಮಡಿಚಿ ಒಲ್ದ್‌ಕೊಡ್ಲಾ, ಅದನ್ನೇ ಓದ್ತಾ ಇದೀಯಲ್ಲ." ಸೂಜಿಗೆ ದಾರ ಪೋಣಿಸಲೂ ನನಗೆ ಬರುವುದಿಲ್ಲ ಎನ್ನಲು ನಾಚಿಕೆ. ಆ ಪ್ಯಾಂಟುಗಳನ್ನೆಲ್ಲ ಹಾಸನಕ್ಕೆ ಹೊತ್ತೊಯ್ದು, ಟೈಲರ್ ಹತ್ತಿರ ಹೊಲಿಸಿ ತಂದುಕೊಡುತ್ತಿದ್ದೆ. ಹೀಗಾಗಿ ನನ್ನ ಕೈಕೆಲಸದ ಬಗ್ಗೆ ಮಲ್ಲಿಪಟ್ಟಣದ ಸುತ್ತಮುತ್ತ ಒಳ್ಳೆಯ ಹೆಸರೇ ಇತ್ತು.

ಕೊನೆಯ ವರ್ಷ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ನಿಮ್ಮ ಊರಿನದೇ ಏನಾದರೊಂದನ್ನು ನೋಡಿ ಬರೆಯಿರಿ, ಅದರಿಂದ ಒಂದು ಮೋಟಿಫ್, ಅಂದರೆ ಬಟ್ಟೆಯ ಮೇಲೆ ಮತ್ತೆ ಮತ್ತೆ ಒತ್ತುವ ಚಿತ್ತಾರ, ಬೆಳೆಸಿ, ಒಂದಿಡೀ ಸೀರೆಗೆ ಒತ್ತಿ ತನ್ನಿ ಎಂದರು. ಸಹಪಾಠಿಗಳಲ್ಲಿ ಅರ್ಧ ಜನ ಬಸ್ಸು ಹತ್ತಿ ದೇವಸ್ಥಾನದ ಗೋಡೆಗಳನ್ನು ಮುತ್ತಿಕೊಂಡರು. ಚನ್ನರಾಯಪಟ್ಟಣದ ಹುಡುಗಿ ತೆಂಗಿನಕಾಯಿ ಹಿಡಿದಳು. ಯಾರೂ ಮುಟ್ಟದ್ದನ್ನು ಮುಟ್ಟುತ್ತೇನೆ ಎಂಬ ಹಮ್ಮಿನಲ್ಲಿ ನಾನು ಹೊಗೆಸೊಪ್ಪಿನ ಹೂವನ್ನು ಆರಿಸಿಕೊಂಡೆ. ಯಾರೂ ಯಾಕೆ ಮುಟ್ಟಿಲ್ಲ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಹೊಗೆಸೊಪ್ಪಿನ ಹೊಲದಲ್ಲಿ ಹೂವು ಇರಕೂಡದು. ಗಿಡದ ತಲೆಯಲ್ಲಿ ಮೊಗ್ಗು ಕಂಡ ಕೂಡಲೇ ಕುಡಿ ಮುರಿಯಬೇಕು, ಇಲ್ಲದಿದ್ದರೆ ಸತ್ವವೆಲ್ಲ ಹೂವಿಗೆ ಹೋಗಿ ಎಲೆ ಸೊರಗುತ್ತದೆ. ಹೂ ಬಿಟ್ಟ ಹೊಲ ಕಂಡರೆ ದಾರಿಯಲ್ಲಿ ಹೋಗುವವರೂ ಆ ಮನೆಯ ಹೆಂಗಸನ್ನು ಆಡಿಕೊಳ್ಳುತ್ತಾರೆ. ಅಪ್ಪ ಆಟೋ ಓಡಿಸುತ್ತಿದ್ದುದರಿಂದ ನಮ್ಮ ಹೊಲದ ಯಜಮಾನಿಕೆಯೆಲ್ಲ ಅಮ್ಮನದು. ಅವಳ ಹೊಲದಲ್ಲಿ ಹುಡುಕಿದರೂ ಒಂದು ಹೂವು ಸಿಗದು ಎಂಬ ಮಾತು ಹೊಳೆನರಸೀಪುರದ ಕಡೆಯ ಅವಳ ತವರಿನವರೆಗೂ ಹೋಗಿತ್ತು. ಅಲ್ಲಿಯೂ ಎಲ್ಲರೂ ಹೊಗೆಸೊಪ್ಪು ಬೆಳೆಯುವವರೇ. ಅಮ್ಮನ ಅಣ್ಣನ ಹೆಂಡತಿ, ನನ್ನ ಅತ್ತೆ, ನಮ್ಮೂರಿಗೆ ಬಂದಾಗಲೆಲ್ಲ ಮನೆಗೆ ಕಾಲಿಡುವ ಮೊದಲು ಹೊಲಕ್ಕೊಂದು ಸುತ್ತು ಹಾಕುತ್ತಿದ್ದಳು, ಒಂದಾದರೂ ಹೂವು ಸಿಗಲಿ ಎಂದು. ಸಿಗುತ್ತಿರಲಿಲ್ಲ. ಆ ದಿನ ಅತ್ತೆಗೆ ಬಡಿಸುವಾಗ ಅಮ್ಮ ಮುದ್ದೆಯ ಮೇಲೆ ತುಪ್ಪವನ್ನು ಧಾರಾಳವಾಗಿಯೇ ಸುರಿಯುತ್ತಿದ್ದಳು.

ಇದೆಲ್ಲ ಕಂಡು ಬೆಳೆದವನು ನಾನು. ಆದರೂ ಶ್ರಾವಣದಲ್ಲಿ ಕಾಲುವೆಯ ಬದುವಿನ ಮೇಲೆ ತಾನಾಗಿ ಹುಟ್ಟಿದ ಗಿಡವೊಂದು ಅರಳಿದ್ದನ್ನು ಕಂಡು, ಕೊಡೆ ಹಿಡಿದು ಅದರ ಮುಂದೆ ಕೂತೆ. ತಿಳಿಗುಲಾಬಿ ಬಣ್ಣ, ಉದ್ದನೆಯ ಕೊಳವೆ, ಬಾಯಲ್ಲಿ ಐದು ಮೂಲೆ. ಮೊದಲ ಚಿತ್ರ ನೋಡಿ ಅಪ್ಪ, "ಮೈಕ್ ಸೆಟ್ ಚೆನ್ನಾಗ್ ಬರ್ದಿದೀಯ ಕಣ್ಲಾ" ಎಂದರು. ಮೇಡಂ ನೋಡಿ, "ಇನ್ನೂ ಕಡಿಮೆ ಮಾಡು" ಎಂದರು. ನೆರಳು ತೆಗೆದೆ, ನರ ತೆಗೆದೆ, ತೊಟ್ಟು ತೆಗೆದೆ, ಕೊನೆಗೆ ಸೀಲಿಂಗ್ ಫ್ಯಾನು ಉಳಿಯಿತು. ಮತ್ತೆ ಕೊಳವೆ ಸೇರಿಸಿದೆ, ಪಕ್ಕಕ್ಕೆ ಎರಡು ಮೊಗ್ಗು ಇಟ್ಟೆ. ಮೇಡಂ ಕನ್ನಡಕ ತೆಗೆದು, "ಈಗ ಸಿಕ್ಕಿತು" ಎಂದರು. ಅಷ್ಟು ಹೊತ್ತಿಗೆ ಅದು ನನ್ನ ಪಾಲಿಗೆ ಹೊಗೆಸೊಪ್ಪಾಗಿ ಉಳಿದಿರಲಿಲ್ಲ, ಮೋಟಿಫ್ ಆಗಿತ್ತು. ಆ ಪದ ನಾಲಿಗೆಗೆ ಹತ್ತಿದ ಮೇಲೆ ನನಗೆ ನೆಲ ಕಾಣುತ್ತಿರಲಿಲ್ಲ.

ಸುಗ್ಗಿ ಮುಗಿದು, ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆ ಖಾಲಿಯಾದಾಗ ಅದರೊಳಗೇ ಅಚ್ಚು ಒತ್ತಲು ಶುರು ಮಾಡಿದೆ. ಹಳೆಯ ಬಾಗಿಲೊಂದನ್ನು ಮಲಗಿಸಿ, ಕಂಬಳಿ ಹಾಸಿ, ಮೇಲೆ ಹತ್ತಿಯ ಸೀರೆ ಬಿಗಿದೆ. ಅಚ್ಚನ್ನು ಬಣ್ಣಕ್ಕೆ ತಾಗಿಸು, ಸಾಲು ನೋಡಿ ಇಡು, ಮುಷ್ಟಿಯಿಂದ ಗುದ್ದು. ಕೆಲಸ ಇಷ್ಟೇ, ಆದರೆ ಸಂಜೆಯ ಹೊತ್ತಿಗೆ ಸೀರೆಗಿಂತ ನಾನೇ ಹೆಚ್ಚು ಗುಲಾಬಿಯಾಗಿರುತ್ತಿದ್ದೆ. ಅಮ್ಮ ಬಂದು ಸೀರೆಯ ಇನ್ನೊಂದು ತುದಿ ಹಿಡಿದು ಬಹಳ ಹೊತ್ತು ನೋಡಿದಳು.

"ಊವ ಒಸಿ ಜಾಸ್ತಿ ಆಗ್ನಿಲ್ವಾ?"

"ಇದು ಮೈತುಂಬ ಹರಡೋ ಡಿಸೈನು ಕಣಮ್ಮ, ನಿಂಗೊತ್ತಾಗಕಿಲ್ಲ."

ಅವಳು ಹಿಡಿದಿದ್ದ ತುದಿಯನ್ನು ಮೆಲ್ಲಗೆ ಬಿಟ್ಟು ಹೊರಟಳು. ಪರೀಕ್ಷೆಗೆ ಹೊರಗಿನಿಂದ ಬಂದವರು ಸೀರೆಯನ್ನು ಹೊಗಳಿದರು. ನಾನು ನೆಲ ಬಿಟ್ಟು ಒಂದು ಗೇಣು ಮೇಲೆ ಓಡಾಡಿದೆ. ಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಅಮ್ಮ ಇದನ್ನೇ ಉಡಬೇಕೆಂದು ಹಟ ಹಿಡಿದೆ. "ರೇಸ್ಮೆ ಉಟ್ಕತೀನಿ ಕಣ್ಲಾ, ನಿಂದು ಇನ್ಯಾವಾಗ್ಲಾದ್ರೂ ಆಗ್ಲಿ" ಎಂದಳು. ನಾನು ಮುಖ ಊದಿಸಿಕೊಂಡು ಊಟ ಬಿಟ್ಟೆ. ಇಪ್ಪತ್ತು ದಾಟಿದ ಗಂಡಸು ಸೀರೆಗಾಗಿ ಊಟ ಬಿಟ್ಟದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅಮ್ಮ ಅದನ್ನೇ ಉಟ್ಟಳು.

ಹೊಸ ಮನೆಯ ಬಾಗಿಲಲ್ಲಿ ಅತ್ತೆ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಅಮ್ಮನ ಸೀರೆಯ ಅಂಚಿನಿಂದ ಹತ್ತಿ, ನೆರಿಗೆಯ ಮೇಲೆ ಹಾದು, ಸೆರಗಿನಲ್ಲಿ ನಿಂತಿತು. ಇಷ್ಟು ವರ್ಷ ಹುಡುಕಿದ್ದು ಕೊನೆಗೂ ಅವಳ ಬಾಗಿಲಿಗೇ ನಡೆದು ಬಂದಿತ್ತು.

"ಏನಮ್ಮೀ, ಈ ಸಲ ಕುಡಿ ಮುರಿಯಾಕೆ ಆಳ್ ಸಿಕ್ನಿಲ್ವಾ?"

ಅಂಗಳದ ಹೆಂಗಸರೆಲ್ಲ ತಿರುಗಿದರು. ನಾನು ಏನೆಲ್ಲ ಕಡಿಮೆ ಮಾಡಿದ್ದೆನೋ ಅದು ಹೂವಿನ ಗುರುತು ಹಿಡಿಯಲು ಅವರಲ್ಲಿ ಒಬ್ಬರಿಗೂ ಅಡ್ಡ ಬರಲಿಲ್ಲ. "ಅಯ್ಯೋ, ಒಲ್ವೆಲ್ಲ ಊ ಬಿಟ್ಟದಲ್ಲೇ!" ಎಂದು ಒಬ್ಬಳು ಕೂಗಿದಳು. ಅಮ್ಮನ ಮುಖ ಕಪ್ಪಿಟ್ಟಿತು. ಆಗ ನನಗೆ ತಿಳಿಯಿತು, ಅವಳು ಜೀವಮಾನವಿಡೀ ಮುರಿದ ಹೂವನ್ನೇ ಅವಳ ಮೈಮೇಲೆ ಹೊದಿಸಿ, ಅವಳ ತವರಿಗೇ ಕರೆತಂದಿದ್ದೇನೆ ಎಂದು. ನಾಚಿಕೆಯಿಂದ ಬೆವರಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಧ್ಯೆ ನುಗ್ಗಿ, "ಇದು ಹೊಗೆಸೊಪ್ಪಿನ ಹೂವಲ್ಲ ಅತ್ತೆ, ಅದರ ಸರಳೀಕೃತ ರೂಪ" ಎಂದೆ. ನಗು ಬೀದಿಯ ತುದಿಯವರೆಗೆ ಕೇಳಿಸಿರಬೇಕು.

ಅತ್ತೆ ತಟ್ಟೆ ಕೆಳಗಿಟ್ಟು, ನೆರಿಗೆಯ ಮೇಲಿನ ಹೂವೊಂದನ್ನು ಎರಡು ಬೆರಳಲ್ಲಿ ಹಿಡಿದು, ಟಕ್ಕೆಂದು ಮುರಿದ ಹಾಗೆ ಮಾಡಿ ಹಿಂದಕ್ಕೆ ಎಸೆದಳು. ಇನ್ನೊಬ್ಬಳು ಬೆನ್ನಿನ ಕಡೆಯಿಂದ ಒಂದು ಮುರಿದಳು. ಆಮೇಲೆ ಎಲ್ಲರೂ ಅಮ್ಮನನ್ನು ಸುತ್ತಿಕೊಂಡು, ಬಾಯಲ್ಲಿ ಟಕ್ ಟಕ್ ಎನ್ನುತ್ತ, ಕೂಲಿಗೆ ಬಂದವರ ಹಾಗೆ ಸಾಲು ಹಿಡಿದು ಮುರಿಯತೊಡಗಿದರು. ಪರೀಕ್ಷಕರು ಹೊಗಳಿದ ನನ್ನ ಸೀರೆ ಕಣ್ಣೆದುರೇ ಬೋಳಾಗುತ್ತಿತ್ತು. ಅಮ್ಮ ಕಂಬದ ಹಾಗೆ ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಿಗೆ ಅವಳ ಕೈಯೂ ಸೊಂಟದ ಹತ್ತಿರದ ಒಂದನ್ನು ಮುರಿಯಿತು. ಮತ್ತೊಂದು, ಮಗದೊಂದು. ಅವಳ ಕೈ ಎಲ್ಲರಿಗಿಂತ ಜೋರು. ಮುರಿಯುತ್ತ ಅವಳೂ ನಗಲು ಶುರು ಮಾಡಿದಳು. ನಗೆಪಾಟಲು ಮಾಡಿದವನು ನಾನು, ನಗುತ್ತಿರುವವಳು ಅವಳು.

ಅತ್ತೆಯ ಕೈ ಭುಜದ ಮೇಲಿನ ಹೂವಿಗೆ ಬಂತು. ಅಮ್ಮ ಆ ಕೈಯನ್ನು ಸರಿಸಿ, ಹೂವಿನ ಮೇಲೆ ಅಂಗೈ ಮುಚ್ಚಿದಳು.

"ಅದೊಂದ್ ಬುಡಿ ಅತ್ಗೆ," ಎಂದಳು. "ಬೀಜಕ್ಕಿರ್ಲಿ."

ಅಚ್ಚು ಜಾರಿ ಅರ್ಧ ಮಾತ್ರ ಮೂಡಿದ್ದ, ಪರೀಕ್ಷಕರ ಕಣ್ಣಿಗೆ ಬೀಳದಿರಲೆಂದು ಅಂದು ಸೀರೆ ಮಡಿಚಿಡುವಾಗ ನಾನು ಒಳಮಡಿಕೆಯಲ್ಲಿ ಬಚ್ಚಿಟ್ಟಿದ್ದ ಹೂವು ಅದು.