ಹಗಲು ಪಾಳಿಯ ಗಂಡು

ಗೆಳೆಯರೇ, ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ವಿನೋಬನಗರದ ನಮ್ಮ ಮನೆ ಬಾಗಿಲಲ್ಲೇ ನಾನು ಮೋಸಗಾರನಾದೆ.

ಹರಿಹರದ ಟೈಲರ್ ದಾದಾಪೀರಣ್ಣ ಬುಟ್ಟಿ ಹಿಡಿದು ನಿಂತಿದ್ದರು. ಒಳಗೆ ಬೀಸಣಿಗೆಯಂಥ ಬಾಲದ ಬಿಳಿ ಲಕ್ಕಾ ಪಾರಿವಾಳ. ಪಾರಿವಾಳ ಸಾಕಿ ಮಾರುವ ನಾನೇ ಎರಡು ತಿಂಗಳ ಹಿಂದೆ ಜೋಡಿ ಮಾಡಿ ಕೊಟ್ಟಿದ್ದ ಗಂಡು.

"ಏನ್ರೀ, ಜೋಡಿ ಅಂತ ಹೇಳಿ ಎರಡೂ ಹೆಣ್ಣು ಕೊಟ್ಟೀರಲ್ಲ! ಇದೂ ಮೊಟ್ಟೆ ಮ್ಯಾಲೆ ಕುಂದರ್ತೈತೆ. ಇನ್ನ ಮರಿ ಹೆಂಗ ಆಗ್ತಾವು?"

"ಯಾವ ಹೊತ್ತಿನಾಗ ಕುಂದರ್ತೈತೆ?"

"ದಿನಾ ಹತ್ತಕ್ಕೆ ಕುಂತರೆ ನಾಕರ ತನಕ ಏಳಂಗಿಲ್ಲ."

ಪಾರಿವಾಳಗಳಲ್ಲಿ ಕಾವು ಕೊಡುವ ಹಗಲು ಪಾಳಿ ಗಂಡಿನದು, ಉಳಿದ ಹೊತ್ತು ಹೆಣ್ಣಿನದು. ಪಾಳಿಯಲ್ಲಿ ಕೂತಿದ್ದವನನ್ನೇ ಈ ಪುಣ್ಯಾತ್ಮ ಎಬ್ಬಿಸಿ ಬಸ್ಸು ಹತ್ತಿಸಿಕೊಂಡು ಬಂದಿದ್ದಾರೆ!

"ಮೊಟ್ಟೆ ತಣ್ಣಗಾಗ್ತಾವು, ಮೊದ್ಲು ಮನಿಗೆ ಫೋನ್ ಮಾಡ್ರಿ!"

ಅವರ ಹೆಂಡತಿ ಶಬಾನಕ್ಕ ಫೋನೆತ್ತಿದರು. "ಹೆಣ್ಣು ಕಾಳು ತಿನ್ನಾಕ ಹೋಗೈತೆ. ಆವಾಗಿಂದ ಎರಡೂ ಮೊಟ್ಟೆ ನಾನೇ ಅಂಗೈಯಾಗ ಮುಚ್ಕೊಂಡು ಕುಂತೀನಿ. ಒಲೆ ಮ್ಯಾಲೆ ಅನ್ನ ಸೀದು ಹೋತು. ಬೇಗ ಬರ್ರಿ!"

ದಾದಾಪೀರಣ್ಣ ಮೋಸದ ಮಾತು ಮರೆತು, ಬುಟ್ಟಿಯನ್ನು ಎದೆಗವಚಿಕೊಂಡು ಆಟೋ ಹತ್ತಿದರು.

ಈಗಷ್ಟೇ ಶಬಾನಕ್ಕನ ಫೋನ್ ಬಂತು. ಗಂಡು ಮತ್ತೆ ಕಾವಿಗೆ ಕೂತಿದೆಯಂತೆ, ಮೊಟ್ಟೆ ಬೆಚ್ಚಗಿವೆಯಂತೆ.

"ನಮ್ಮೋರ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಅಣ್ಣ. ಹಗಲೆಲ್ಲ ಮಕ್ಕಳ ಹತ್ರ ಕುಂದರೋ ಗಂಡಸನ್ನ ಅವರು ನಮ್ಮ ಮನ್ಯಾಗ ಎಲ್ಲಿ ನೋಡ್ಯಾರು?"

ನನ್ನ ಫೋನ್ ಸ್ಪೀಕರಿನಲ್ಲಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ನಗು ಇನ್ನೂ ನಿಂತಿಲ್ಲ.