ಬಾವ ತಂದ ದುಬೈ ಬಿಲ್ಲು

ಸ್ನೇಹಿತರೇ, ಇವತ್ತು ಮೂಡುಬಿದಿರೆಯ ಮೈದಾನದಲ್ಲಿ ಜಿಲ್ಲಾ ಬಿಲ್ಲುಗಾರಿಕೆ ತಂಡದ ಆಯ್ಕೆ ಇತ್ತು. ನನ್ನ ಸರದಿ ಹತ್ತಿರ ಬಂದಾಗ, ರಜೆಯಲ್ಲಿ ದುಬೈಯಿಂದ ಬಂದಿರುವ ಅಕ್ಕನ ಗಂಡ ಎರಡೂ ತುದಿಗೆ ಚಕ್ರವಿರುವ ಹೊಸ ಕಾಂಪೌಂಡ್ ಬಿಲ್ಲೊಂದನ್ನು ನನ್ನ ಕೈಗಿಟ್ಟರು.

"ಇದರಲ್ಲೇ ಹೊಡಿ. ಕಣ್ಣು ಮುಚ್ಚಿ ಬಿಟ್ಟರೂ ನಡುವಿಗೇ ಹೋಗ್ತದೆ."

ಅಭ್ಯಾಸಕ್ಕೆಂದು ಕಣ್ಣು ತೆರೆದೇ ಎರಡು ಬಾಣ ಬಿಟ್ಟೆ. ಮೊದಲ ಬಾಣ ಹಲಗೆಯ ಮೂಲೆಗೆ ಹೋಯಿತು. ಎರಡನೆಯದು ಪಕ್ಕದವಳ ಹಲಗೆಯಲ್ಲಿ ಬಹಳ ಚೆನ್ನಾಗಿ ನಾಟಿತು. ಹೆದೆ ಬಡಿದು ಮುಂಗೈ ಕೆಂಪಾಯಿತು.

"ಬಾವ, ಇದನ್ನು ಅಂಗಡಿಯಲ್ಲಿ ಯಾರ ಕೈಯಳತೆಗೆ ಸರಿ ಮಾಡಿಸಿದ್ದು?"

"ನನ್ನದೇ ಮಾರಾಯ್ತಿ. ಅಲ್ಲಿ ಮತ್ತೆ ಯಾರಿದ್ದರು?"

ಬಾವ ಆರಡಿ ಎತ್ತರ. ನಾನು ಅವರ ಭುಜದವರೆಗೆ ಬರುತ್ತೇನೆ. ಎಳೆತದ ಉದ್ದ ಹೊಡೆಯುವವರ ತೋಳಿಗೆ ಹೊಂದಬೇಕು, ಬಾಣದ ಗಡಸು ಬಿಲ್ಲಿನ ಬಲಕ್ಕೆ ಹೊಂದಬೇಕು, ಎರಡೂ ತುದಿಯ ಚಕ್ರಗಳು ಒಟ್ಟಿಗೇ ತಿರುಗಬೇಕು ಎಂದು ವಿವರಿಸಿದೆ.

"ಅದೆಲ್ಲ ಸಾದಾ ಬಿಲ್ಲಿಗೆ" ಎಂದರು ಬಾವ.

ಕಳೆದ ವರ್ಷ ಸ್ವಲ್ಪದರಲ್ಲಿ ತಪ್ಪಿದ ಆಯ್ಕೆ ಇದು. ಬಾವನ ಮುಖ ಊದಿದರೆ ಊದಲಿ ಎಂದು, ನನ್ನ ಅಳತೆಗೆ ಹೊಂದಿಸಿಟ್ಟ ಹಳೆಯ ಬಿಲ್ಲನ್ನೇ ಎತ್ತಿಕೊಂಡೆ. ತಂಡಕ್ಕೆ ಸೇರಿದೆ!

ಗುರುವಾಯನಕೆರೆಗೆ ಮರಳುವಾಗ ಬಾವ ಕಾರಿನಿಂದಲೇ ಅಕ್ಕನಿಗೆ ಫೋನ್ ಮಾಡಿದರು. "ಸೆಲೆಕ್ಟ್ ಆಯ್ತು. ಹೊಸ ಬಿಲ್ಲು ಬಂದದ್ದು ನೋಡಿ ಹಳತಕ್ಕೆ ಹೆದರಿಕೆ ಆಗಿದೆ. ಹಾಗೆ ಸರಿಯಾಗಿ ಹೊಡೆಯಿತು."

ಹಳೆಯ ಬಿಲ್ಲು ಹಾಗೆ ಹೊಡೆಯುವಾಗ ನಾನೂ ಅಲ್ಲಿದ್ದೆ ಎಂಬುದಕ್ಕೆ ಸಾಕ್ಷಿಯಾಗಿ ಫೋಟೋ ಹಾಕಿದ್ದೇನೆ.